ಶೆಡ್ಡಿಗೊಂದು ಟ್ಯೂಬ್‌ಲೈಟ್



ತರಗತಿಯಲ್ಲಿ ಯಾರೋ ಒಂದು ನಗೆಮಾತು ಹೇಳುತ್ತಾರೆ. ಎಲ್ಲರೂ ನಕ್ಕು ಸುಮ್ಮನಾದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬನ ನಗು ಕೇಳಿಸುತ್ತದೆ. ಅವನಿಗೆ ನೀವು ಇಡುವ ಹೆಸರು ಯಾವುದು? ‘ಟ್ಯೂಬ್‌ಲೈಟ್’! ಸ್ವಿಚ್ಚು ಹಾಕಿದ ಮೇಲೆ ಒಂದೆರಡು ಸಲ ಮಿಣುಕಿ, ಯೋಚಿಸಿ, ಆಮೇಲೆ ಹತ್ತಿಕೊಳ್ಳುವ ದೀಪದ ಹೆಸರು ಅವನಿಗೆ ಅಂಟಿಕೊಂಡಿತು. ಆದರೆ ಆ ಒಂದೆರಡು ಕ್ಷಣಗಳಲ್ಲಿ ಟ್ಯೂಬು ನಿಜವಾಗಿ ಏನು ಮಾಡುತ್ತಿರುತ್ತದೆ ಎಂದು ನಿಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೀರಿ? ಇವತ್ತು ಅದನ್ನು ತಿಳಿಯೋಣ. ಪರೀಕ್ಷೆಗಾಗಿ ಅಲ್ಲ, ನಮ್ಮ ಮನೆಯ ಶೆಡ್ಡಿಗಾಗಿ.

ಪೇಟೆಯಲ್ಲಿ ಗ್ಯಾರೇಜು ಎನ್ನುವುದನ್ನು ನಮ್ಮ ಕಡೆ ಶೆಡ್ಡು ಎನ್ನುತ್ತೇವೆ. ಹಗಲು ಟ್ರ್ಯಾಕ್ಟರು ಹೊಲಕ್ಕೆ ಹೋದಾಗ ಅಲ್ಲಿ ಕೋಳಿಗಳು ಓಡಾಡುತ್ತವೆ. ರಾತ್ರಿ ಟ್ರ್ಯಾಕ್ಟರು, ಮೋಟಾರು ಸೈಕಲ್ಲು, ಪಂಪ್‌ಸೆಟ್ಟಿನ ಬಿಡಿಭಾಗಗಳು, ಗೊಬ್ಬರದ ಚೀಲ, ತೆಂಗಿನಕಾಯಿ ರಾಶಿ ಎಲ್ಲಕ್ಕೂ ಅದೇ ಮನೆ. ಈ ಕಾರ್ಯಕ್ರಮಕ್ಕಾಗಿ ನಾವು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ, ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲಗಳಲ್ಲಿ, ಇಂತಹ ಶೆಡ್ಡುಗಳನ್ನು ನೋಡುತ್ತಾ ಹೋದೆವು. ಎಲ್ಲ ಕಡೆಯೂ ಕೇಳಿಬಂದ ಉತ್ತರ ಒಂದೇ: “ದೀಪ ಹತ್ತುತ್ತಲ್ಲ ಸಾರ್, ಇನ್ನೇನು?” ದೀಪ ಹತ್ತಿದ ಮಾತ್ರಕ್ಕೆ ಎಲ್ಲವೂ ಸರಿಯಾಗಿದೆಯೇ? ಈ ಭಾಷಣದ ಪ್ರಶ್ನೆ ಇದೊಂದೇ. ನಾಲ್ಕು ಊರುಗಳಲ್ಲಿ ನಾಲ್ಕು ಬಗೆಯಾಗಿ ಇದಕ್ಕೆ ಉತ್ತರ ಹುಡುಕೋಣ.

ಮೊದಲು ಶ್ರೀರಂಗಪಟ್ಟಣ. ಇಲ್ಲಿ ಕಾವೇರಿ ಎರಡು ಕವಲಾಗಿ ಊರನ್ನು ದ್ವೀಪ ಮಾಡಿ ಮತ್ತೆ ಕೂಡಿಕೊಳ್ಳುತ್ತಾಳೆ. ಇದೇ ನೀರು ಕೆಳಗೆ ಹರಿದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಧುಮುಕುತ್ತದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ 1902ರಲ್ಲಿ ಅಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಆ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಹೋಯಿತು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ವಿದ್ಯುದ್ದೀಪ ಬಂತು. ಬೇಸಿಗೆಯಲ್ಲಿ ಹೊಳೆಯ ನೀರು ಇಳಿದರೆ ಯಂತ್ರಗಳೂ ಸೊರಗುತ್ತಿದ್ದವು. 1911ರಲ್ಲಿ ಕನ್ನಂಬಾಡಿಯ ಕಟ್ಟೆ ಕಟ್ಟಲು ತೊಡಗಿದ್ದಕ್ಕೆ ವ್ಯವಸಾಯದ ಜೊತೆಗೆ ಇದೂ ಒಂದು ಕಾರಣ. ನಮ್ಮ ಹಳ್ಳಿಗಳ ಮನೆಯೊಳಕ್ಕೆ ಬೆಳಕು ಬರಲು ಮಾತ್ರ ಇನ್ನೂ ಹಲವು ದಶಕಗಳು ಹಿಡಿದವು.

ಹಾಗೆ ಬಂದ ಮೊದಲ ದೀಪ ಬುರುಡೆ ಬಲ್ಬು. ಅದರೊಳಗೆ ಟಂಗ್‌ಸ್ಟನ್ ತಂತು ಕಾದು ಕೆಂಪಾಗಿ, ಬಿಳುಪಾಗಿ ಬೆಳಗುತ್ತದೆ. ಅದು ಬೆಳಕಿಗಿಂತ ಹೆಚ್ಚಾಗಿ ಶಾಖವನ್ನೇ ಕೊಡುತ್ತದೆ. ಟ್ಯೂಬ್‌ಲೈಟಿನ ದಾರಿ ಬೇರೆ. ಅಮೆರಿಕದಲ್ಲಿ 1938ರಲ್ಲಿ ಇದು ಮಾರಾಟಕ್ಕೆ ಬಂದಾಗ ಜನ ಇದನ್ನು ತಣ್ಣನೆಯ ಬೆಳಕು ಎಂದು ಬೆರಗಿನಿಂದ ನೋಡಿದರು.

ಗಾಜಿನ ಕೊಳವೆಯ ಎರಡು ತುದಿಯಲ್ಲೂ ಪುಟ್ಟ ತಂತುಗಳಿವೆ. ಒಳಗೆ ಅತಿ ಕಡಿಮೆ ಒತ್ತಡದಲ್ಲಿ ಆರ್ಗಾನ್‌ನಂತಹ ಜಡ ಅನಿಲ ಮತ್ತು ಕೆಲವೇ ಮಿಲಿಗ್ರಾಂ ಪಾದರಸ. ತುದಿಯಿಂದ ಹೊರಟ ಇಲೆಕ್ಟ್ರಾನುಗಳು ಪಾದರಸದ ಆವಿಯ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಪೆಟ್ಟು ತಿಂದ ಪರಮಾಣು ಆ ಶಕ್ತಿಯನ್ನು ಬಹುಪಾಲು 254 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣವಾಗಿ ಹೊರಹಾಕುತ್ತದೆ. ಇದು ಕಣ್ಣಿಗೆ ಕಾಣದು. ಕೊಳವೆಯ ಒಳಮೈಗೆ ಬಳಿದ ಬಿಳಿಯ ಪುಡಿ ಇದೆಯಲ್ಲ, ಅದು ಈ ಕಾಣದ ಕಿರಣವನ್ನು ನುಂಗಿ ಕಾಣುವ ಬೆಳಕನ್ನು ಉಗುಳುತ್ತದೆ. ಇದೇ ಪ್ರತಿದೀಪ್ತಿ. ಅಂದರೆ ನಾವು ನೋಡುವ ಬೆಳಕು ಪಾದರಸದ್ದಲ್ಲ, ಪುಡಿಯದ್ದು.

ಆದರೆ ತಣ್ಣಗಿರುವ ಕೊಳವೆಯಲ್ಲಿ 230 ವೋಲ್ಟಿನ ವಿದ್ಯುತ್ತು ತಾನಾಗಿ ನುಗ್ಗುವುದಿಲ್ಲ. ಅದಕ್ಕೊಂದು ನೂಕು ಬೇಕು. ಇಲ್ಲಿ ಬರುವವರು ಇಬ್ಬರು ಸಹಾಯಕರು: ಸ್ಟಾರ್ಟರ್ ಮತ್ತು ಚೋಕು. ಸ್ವಿಚ್ಚು ಹಾಕಿದೊಡನೆ ಸ್ಟಾರ್ಟರಿನೊಳಗಿನ ಅನಿಲ ಮಿನುಗಿ, ಅಲ್ಲಿರುವ ದ್ವಿಲೋಹ ಪಟ್ಟಿ ಕಾಯುತ್ತದೆ, ಬಾಗುತ್ತದೆ, ಎದುರಿನ ತುದಿಯನ್ನು ಮುಟ್ಟುತ್ತದೆ. ಆಗ ವಿದ್ಯುತ್ತು ಎರಡೂ ತಂತುಗಳ ಮೂಲಕ ಹರಿದು ಅವುಗಳನ್ನು ಕಾಯಿಸುತ್ತದೆ. ಮುಟ್ಟಿದ ಮೇಲೆ ಸ್ಟಾರ್ಟರಿನ ಮಿನುಗು ನಿಲ್ಲುವುದರಿಂದ ಪಟ್ಟಿ ತಣ್ಣಗಾಗಿ ಬಿಟ್ಟುಕೊಳ್ಳುತ್ತದೆ. ಹರಿಯುತ್ತಿದ್ದ ಪ್ರವಾಹ ಥಟ್ಟನೆ ಕಡಿಯುತ್ತಲೇ ಚೋಕಿನ ಸುರುಳಿ ಹಲವು ನೂರು ವೋಲ್ಟುಗಳ ಒಂದು ಪೆಟ್ಟನ್ನು ಕೊಡುತ್ತದೆ. ನೀವು ಓದಿರುವ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ಆ ಪೆಟ್ಟಿಗೆ ಟ್ಯೂಬು ಹತ್ತುತ್ತದೆ. ಹತ್ತಿದ ಮೇಲೆ ಪ್ರವಾಹ ಮಿತಿಮೀರದಂತೆ ತಡೆಯುವ ಕೆಲಸವೂ ಚೋಕಿನದೇ. ಒಂದು ಸಲಕ್ಕೆ ಆಗದಿದ್ದರೆ ಸ್ಟಾರ್ಟರ್ ಮತ್ತೆ ಪ್ರಯತ್ನಿಸುತ್ತದೆ, ಮತ್ತೆ ಪ್ರಯತ್ನಿಸುತ್ತದೆ. ಇದೇ ಮಿಣುಕು. ಹಿಂದಿನ ಬೆಂಚಿನ ಗೆಳೆಯ ದಡ್ಡನಲ್ಲ, ಬಿಡದೆ ಯತ್ನಿಸುವವನು ಎಂದು ಈಗ ತಿಳಿಯಿತಲ್ಲ!

ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಬರೋಣ. ಈ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವನ ಮನೆ. ನಾನು ಪಿ.ಯು.ಸಿ. ಓದುತ್ತಿದ್ದ ಕಾಲದಲ್ಲಿ ಅವರ ಶೆಡ್ಡಿನ ಟ್ಯೂಬು ಪ್ರತಿ ಸಂಜೆ ಮಿಣುಕುತ್ತಲೇ ಇರುತ್ತಿತ್ತು. ಮಾವ ಸ್ಟಾರ್ಟರ್ ಬದಲಿಸಿದರು. ಒಂದೇ ತಿಂಗಳಲ್ಲಿ ಮೂರು ಸ್ಟಾರ್ಟರ್ ತಂದರು. ಆಮೇಲೆ ಟ್ಯೂಬನ್ನೇ ಬದಲಿಸಿದರು. ಆದರೂ ಏಳು ಗಂಟೆಗೆ ಮಿಣುಕು, ಒಂಬತ್ತೂವರೆಯ ಮೇಲೆ ನಿಚ್ಚಳ ಬೆಳಕು. ಬೆಳಗಿನ ಜಾವ ಸ್ವಿಚ್ಚು ಹಾಕಿದರೆ ಒಂದೇ ಸಲಕ್ಕೆ ಹತ್ತುತ್ತಿತ್ತು. ಕೆಟ್ಟುಹೋದ ಸ್ಟಾರ್ಟರ್ ಗಡಿಯಾರ ನೋಡಿಕೊಂಡು ಕೆಲಸ ಮಾಡುತ್ತದೆಯೇ? ಈ ಪ್ರಶ್ನೆಯನ್ನು ನಾವು ಯಾರೂ ಕೇಳಿಕೊಳ್ಳಲಿಲ್ಲ.

ಕಾರಣ ಟ್ಯೂಬಿನಲ್ಲಿರಲಿಲ್ಲ, ತಂತಿಯಲ್ಲಿತ್ತು. ಸಂಜೆ ಊರಿನ ದೀಪಗಳೂ ಹೊಲಗಳ ಪಂಪ್‌ಸೆಟ್ಟುಗಳೂ ಒಂದೇ ಟ್ರಾನ್ಸ್‌ಫಾರ್ಮರನ್ನು ಎಳೆಯುತ್ತಿದ್ದವು. ಕಂಬದಿಂದ ಕಂಬಕ್ಕೆ ವೋಲ್ಟೇಜು ಇಳಿಯುತ್ತಾ, ಸಾಲಿನ ಕೊನೆಯಲ್ಲಿದ್ದ ಮಾವನ ಮನೆಗೆ ಬರುವ ಹೊತ್ತಿಗೆ ಸೊರಗಿಹೋಗುತ್ತಿತ್ತು. ಸುಮಾರು 180 ವೋಲ್ಟಿಗಿಂತ ಕೆಳಗಿಳಿದರೆ ತಾಮ್ರದ ಚೋಕಿನ ಟ್ಯೂಬು ಹತ್ತಲು ತಿಣುಕುತ್ತದೆ. ತಂತುಗಳು ಸಾಕಷ್ಟು ಕಾಯುವುದಿಲ್ಲ, ಚೋಕಿನ ಪೆಟ್ಟೂ ಮೆತ್ತಗಾಗುತ್ತದೆ. ಮುಂದೆ ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಲೈನನ್ನು ಪಂಪ್‌ಸೆಟ್ಟುಗಳ ಲೈನಿನಿಂದ ಬೇರ್ಪಡಿಸುವ ಕೆಲಸ ನಡೆದದ್ದು ಇಂತಹ ತೊಂದರೆಗಾಗಿಯೇ.

ಆದ್ದರಿಂದ ಅಂಗಡಿಗೆ ಓಡುವ ಮೊದಲು ದೀಪದ ರೋಗಲಕ್ಷಣ ನೋಡಿ. ಸಂಜೆ ಮಾತ್ರ ಮಿಣುಕಿದರೆ ವೋಲ್ಟೇಜನ್ನು ಅನುಮಾನಿಸಿ. ಯಾವ ಹೊತ್ತಿನಲ್ಲೂ ಮಿಣುಕುತ್ತಾ, ತುದಿಗಳು ಕಪ್ಪಾಗಿದ್ದರೆ ಟ್ಯೂಬಿಗೆ ವಯಸ್ಸಾಗಿದೆ. ಎರಡೂ ತುದಿ ಕೆಂಪಗೆ ಉರಿಯುತ್ತಾ ನಡುವೆ ಕತ್ತಲಿದ್ದರೆ ಸ್ಟಾರ್ಟರಿನ ಪಟ್ಟಿ ಅಂಟಿಕೊಂಡಿದೆ. ಏನೂ ಆಗದಿದ್ದರೆ ಹೋಲ್ಡರ್ ಸಡಿಲವಾಗಿರಬಹುದು, ಚೋಕೋ ತಂತುವೋ ಕಡಿದಿರಬಹುದು. ಬರಿಯ ಗುಂಯ್‌ಗುಡುವಿಕೆ ಚೋಕಿನ ತಗಡುಗಳು ಸಡಿಲಗೊಂಡ ಸದ್ದು. ವೈದ್ಯರು ನಾಡಿ ನೋಡಿ ಔಷಧಿ ಕೊಡುತ್ತಾರೆಯೇ ಹೊರತು ಅಂಗಡಿಯಲ್ಲಿರುವ ಔಷಧಿಗಳನ್ನೆಲ್ಲ ಕುಡಿಸಿ ನೋಡುವುದಿಲ್ಲ.

ಮಾವನ ಶೆಡ್ಡಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದರ ಉಳಿದ ಭಾಗವನ್ನು ಕೊನೆಗೆ ಹೇಳುತ್ತೇನೆ.

ಪಾಂಡವಪುರದಿಂದ ಕೃಷ್ಣರಾಜಪೇಟೆಗೆ ಹೋಗೋಣ. ಅಲ್ಲಿ ನಾವು ನೋಡಿದ ಒಂದು ಟ್ರ್ಯಾಕ್ಟರ್ ಶೆಡ್ಡು 12 ಅಡಿ ಅಗಲ, 20 ಅಡಿ ಉದ್ದ. ಛಾವಣಿಯ ನಟ್ಟನಡುವೆ ಒಂದು ಟ್ಯೂಬು. ಕೆಳಗೆ ನಿಂತರೆ ಬೆಳಕು ಚೆನ್ನಾಗಿದೆ. ಆದರೆ ಟ್ರ್ಯಾಕ್ಟರಿನ ಬಾನೆಟ್ಟು ತೆರೆದು ಒಳಗೆ ಬಗ್ಗಿದರೆ ಎಂಜಿನ್ನಿನ ಮೇಲೆ ಬೀಳುವುದು ನಮ್ಮದೇ ತಲೆಯ ನೆರಳು. ಮನೆಯವರು ಹಲ್ಲಿನಲ್ಲಿ ಟಾರ್ಚು ಕಚ್ಚಿಕೊಂಡು ನಟ್ಟು ಬಿಗಿಯುತ್ತಿದ್ದರು. ದೀಪ ಹತ್ತಿದೆ, ಬೆಳಕು ಮಾತ್ರ ಬೇಕಾದಲ್ಲಿಗೆ ಬಂದಿಲ್ಲ.

ಬೆಳಕಿಗೂ ಲೆಕ್ಕವಿದೆ. ದೀಪ ಒಟ್ಟು ಹೊರಚೆಲ್ಲುವ ಬೆಳಕನ್ನು ಲ್ಯೂಮೆನ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್; ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸ್ ಇದ್ದರೆ ಹೆಚ್ಚು. ಈ ಎರಡರಲ್ಲೂ ನೋಡಬಲ್ಲ ನಮ್ಮ ಕಣ್ಣು ಎಂತಹ ಅದ್ಭುತ, ಯೋಚಿಸಿ. ಆದರೆ ಅದೇ ಕಾರಣಕ್ಕೆ ಕಣ್ಣು ಬೆಳಕನ್ನು ಅಳೆಯುವುದರಲ್ಲಿ ನಂಬಿಕೆಗೆ ಅರ್ಹವಲ್ಲ. ಬೆಳಕು ಕಡಿಮೆಯಿದ್ದರೂ ಅದು ಹೊಂದಿಕೊಂಡುಬಿಡುತ್ತದೆ.

ನಾಲ್ಕು ಅಡಿಯ 36 ವ್ಯಾಟಿನ ಸಾಮಾನ್ಯ ಟ್ಯೂಬು ಸುಮಾರು 2,400 ಲ್ಯೂಮೆನ್ ಕೊಡುತ್ತದೆ. ನಮ್ಮ ಶೆಡ್ಡಿನ ವಿಸ್ತೀರ್ಣ 240 ಚದರ ಅಡಿ, ಅಂದರೆ 22 ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಬೆಳಕಿನಲ್ಲಿ ಅರ್ಧದಷ್ಟು ಗೋಡೆ, ಛಾವಣಿ, ಧೂಳಿನಲ್ಲಿ ಕಳೆದುಹೋಗುತ್ತದೆ ಎಂದಿಟ್ಟುಕೊಳ್ಳಿ. ಒಂದು ಟ್ಯೂಬಿನಿಂದ 1,200 ಲ್ಯೂಮೆನ್ ಕೆಳಗೆ ತಲುಪಿ, ಅದನ್ನು 22ರಿಂದ ಭಾಗಿಸಿದರೆ ಸುಮಾರು 55 ಲಕ್ಸ್. ಎರಡು ಟ್ಯೂಬಿದ್ದರೆ 110 ಲಕ್ಸ್. ಗಾಡಿ ನಿಲ್ಲಿಸಲು, ಚೀಲ ಎತ್ತಲು ಇದು ಸಾಕು. ಸಣ್ಣ ನಟ್ಟು, ತಂತಿಯ ಬಣ್ಣ ನೋಡಿ ಕೆಲಸ ಮಾಡುವ ಮೇಜಿನ ಮೇಲೆ ಸುಮಾರು 300 ಲಕ್ಸ್ ಬೇಕು. ಅದಕ್ಕಾಗಿ ಇಡೀ ಶೆಡ್ಡಿಗೆ ಆರು ಟ್ಯೂಬು ಹಾಕಬೇಕಿಲ್ಲ. ಮೇಜಿನ ಮೇಲೆ ಸುಮಾರು ಒಂದು ಮೀಟರ್ ಎತ್ತರದಲ್ಲಿ ಪ್ರತ್ಯೇಕ ಸ್ವಿಚ್ಚಿನ ಒಂದು ದೀಪ ಹಾಕಿದರೆ ಆಯಿತು.

ಇನ್ನು ಜಾಗದ ವಿಚಾರ. ಎರಡು ಟ್ಯೂಬುಗಳನ್ನು ನಡುವೆ ಜೋಡಿಸುವ ಬದಲು ಗಾಡಿಯ ಎಡಕ್ಕೊಂದು, ಬಲಕ್ಕೊಂದು, ಗೋಡೆಯಿಂದ ಎರಡು ಅಡಿ ಈಚೆಗೆ, ಗಾಡಿಯ ಉದ್ದಕ್ಕೆ ಸಮಾನಾಂತರವಾಗಿ ಹಾಕಿ. ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ಗೋಡೆಗೆ ಸುಣ್ಣ ಬಳಿದರೆ ಖರ್ಚಿಲ್ಲದೆ ಇನ್ನಷ್ಟು ಬೆಳಕು ಹಿಂದಿರುಗುತ್ತದೆ. ಮಸಿ ಹಿಡಿದ ತಗಡಿನ ಶೆಡ್ಡಿನಲ್ಲಿ ದೊಡ್ಡ ದೀಪವೂ ಬಡವಾಗುತ್ತದೆ. ತಿಂಗಳಿಗೊಮ್ಮೆ ದೀಪ ಆರಿಸಿ, ಮೇನ್ ಸ್ವಿಚ್ ತೆಗೆದು, ಒಣಬಟ್ಟೆಯಿಂದ ಟ್ಯೂಬಿನ ಧೂಳು ಒರೆಸುವುದು ಹೊಸ ಟ್ಯೂಬು ಕೊಳ್ಳುವುದಕ್ಕಿಂತ ಅಗ್ಗ.

ವಾಹನ ನಿಲ್ಲಿಸುವ ಶೆಡ್ಡಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಬ್ಯಾಟರಿಯನ್ನು ಚಾರ್ಜು ಮಾಡುವಾಗ ಹೊರಡುವ ಜಲಜನಕ ಹಗುರ, ಛಾವಣಿಗೆ ಏರುತ್ತದೆ. ಸ್ವಿಚ್ಚು ಒತ್ತಿದಾಗ ಒಳಗೆ ಚಿಕ್ಕ ಕಿಡಿ ಹಾರುವುದು ಸಹಜ. ಆದ್ದರಿಂದ ಸ್ವಿಚ್ಚು, ಪ್ಲಗ್ಗುಗಳನ್ನು ನೆಲದಿಂದ ನಾಲ್ಕೈದು ಅಡಿ ಮೇಲೆ ಇಡಬೇಕು. ಗಾಳಿಗೆ ಕೆಳಗೂ ಮೇಲೂ ದಾರಿ ಬಿಡಬೇಕು. ಪೆಟ್ರೋಲು ವಾಸನೆ ಬಂದರೆ ಮೊದಲು ಬಾಗಿಲು ತೆರೆಯಿರಿ, ಸ್ವಿಚ್ಚು ಮುಟ್ಟಬೇಡಿ.

ಈಗ ನಾಗಮಂಗಲ. ಈ ಊರು ಲೋಹಶಿಲ್ಪಕ್ಕೆ, ಕಂಚು ಹಿತ್ತಾಳೆಯ ಎರಕಕ್ಕೆ ಹೆಸರಾದದ್ದು. ಎರಕದ ಕೆಲಸವಿರಲಿ, ತೆಂಗಿನ ತೋಟದ ನಡುವಿನ ಶೆಡ್ಡಿನಲ್ಲಿ ಮೋಟಾರಿಗೆ ಬೆಲ್ಟು ಹಾಕಿ ಯಂತ್ರ ಓಡಿಸುವುದಿರಲಿ, ಎಲ್ಲಿ ಚಕ್ರ ತಿರುಗುತ್ತದೋ ಅಲ್ಲಿ ಟ್ಯೂಬ್‌ಲೈಟು ಒಂದು ಸುಳ್ಳು ಹೇಳಬಲ್ಲದು. ಚಿತ್ರೀಕರಣ ಮಾಡುವ ನಮಗೆ ಈ ಸುಳ್ಳಿನ ಪರಿಚಯ ಹಳೆಯದು. ಶೆಡ್ಡಿನೊಳಗೆ ಕ್ಯಾಮೆರಾ ಇಟ್ಟಾಗ ಕಣ್ಣಿಗೆ ಕಾಣದ ಕಪ್ಪು ಪಟ್ಟಿಗಳು ಚಿತ್ರದಲ್ಲಿ ಮೇಲಿಂದ ಕೆಳಗೆ ಸರಿಯುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ನಮ್ಮ ಮನೆಗೆ ಬರುವ ಪರ್ಯಾಯ ವಿದ್ಯುತ್ತಿನ ಆವೃತ್ತಿ ಸೆಕೆಂಡಿಗೆ 50. ಒಂದೊಂದು ಆವರ್ತದಲ್ಲಿ ಪ್ರವಾಹ ಎರಡು ಸಲ ಸೊನ್ನೆಗೆ ಇಳಿಯುತ್ತದೆ. ಹೀಗಾಗಿ ತಾಮ್ರದ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಪುಡಿಯ ಹೊಳಪು ಒಮ್ಮೆಲೇ ಆರದ ಕಾರಣ ಪೂರ್ತಿ ಕತ್ತಲಾಗುವುದಿಲ್ಲ, ಆದರೂ ಬೆಳಕಿನ ಏರಿಳಿತ ಇದ್ದೇ ಇರುತ್ತದೆ. ಶಿವನಸಮುದ್ರದ ಮೊದಲ ವಿದ್ಯುತ್ತಿನ ಆವೃತ್ತಿ ಸೆಕೆಂಡಿಗೆ 25 ಇತ್ತು. ಅದರಲ್ಲಿ ಇಂತಹ ಟ್ಯೂಬು ಹಾಕಿದ್ದರೆ ಸೆಕೆಂಡಿಗೆ 50 ಸಲ ಮಾತ್ರ ಮಿಣುಕಿ ಕಣ್ಣಿಗೆ ಇನ್ನೂ ಹೆಚ್ಚು ಕಿರಿಕಿರಿಯಾಗುತ್ತಿತ್ತು.

ಈಗ ಒಂದು ಲೆಕ್ಕ ಮಾಡಿ. ಸಾಮಾನ್ಯವಾದ ಒಂದು ಮೋಟಾರು ನಿಮಿಷಕ್ಕೆ 1,440 ಸುತ್ತು, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಅದಕ್ಕೆ ನಾಲ್ಕು ತೋಳಿನ ಪುಲ್ಲಿ ಹಾಕಿದೆ ಎನ್ನಿ. ಬೆಳಕಿನ ಒಂದು ಏರಿಕೆಯಿಂದ ಇನ್ನೊಂದು ಏರಿಕೆಗೆ, ಅಂದರೆ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ, ಪುಲ್ಲಿ 86.4 ಡಿಗ್ರಿ ತಿರುಗಿರುತ್ತದೆ. ತೋಳುಗಳ ನಡುವಣ ಅಂತರ 90 ಡಿಗ್ರಿ. ಅಂದರೆ ಹಿಂದಿನ ತೋಳಿದ್ದ ಜಾಗಕ್ಕೆ ಮುಂದಿನ ತೋಳು ಬರಲು 3.6 ಡಿಗ್ರಿ ಮಾತ್ರ ಬಾಕಿ. ಕಣ್ಣಿಗೆ ಕಾಣುವುದೇನು? ಪುಲ್ಲಿ ಸೆಕೆಂಡಿಗೆ ಒಂದೇ ಸುತ್ತಿನಂತೆ ನಿಧಾನವಾಗಿ ಹಿಂದಕ್ಕೆ ತಿರುಗುತ್ತಿರುವ ನೋಟ! ಸೆಕೆಂಡಿಗೆ ಸರಿಯಾಗಿ 25 ಸುತ್ತಾದರೆ ನಿಂತೇ ಇರುವಂತೆ ತೋರುತ್ತದೆ. ಯಂತ್ರದ ಸದ್ದಿನ ನಡುವೆ ನಿಂತಿದೆ ಎಂದು ನಂಬಿ ಕೈ ಚಾಚಿದವರ ಗತಿಯೇನು?

ಇದಕ್ಕೆ ಪರಿಹಾರಗಳಿವೆ. ತಾಮ್ರದ ಚೋಕಿನ ಬದಲು ಇಲೆಕ್ಟ್ರಾನಿಕ್ ಚೋಕು ಹಾಕಿದರೆ ಟ್ಯೂಬಿಗೆ ಸೆಕೆಂಡಿಗೆ 20,000ಕ್ಕೂ ಹೆಚ್ಚು ಆವೃತ್ತಿಯ ವಿದ್ಯುತ್ತು ಸಿಗುತ್ತದೆ; ಏರಿಳಿತ ಬಹುಮಟ್ಟಿಗೆ ಇಲ್ಲವಾಗುತ್ತದೆ. ಅದು ಕಡಿಮೆ ವೋಲ್ಟೇಜಿನಲ್ಲೂ ಹತ್ತುತ್ತದೆ, ಚೋಕಿನಲ್ಲಿ ಪೋಲಾಗುವ ಹತ್ತಾರು ವ್ಯಾಟನ್ನೂ ಉಳಿಸುತ್ತದೆ. ಮೂರು ಫೇಸ್ ಇರುವ ಕಡೆ ಬೇರೆ ಬೇರೆ ಫೇಸಿನಿಂದ ಟ್ಯೂಬುಗಳಿಗೆ ಸಂಪರ್ಕ ಕೊಟ್ಟರೆ ಒಂದು ಮಂಕಾದಾಗ ಇನ್ನೊಂದು ಬೆಳಗುತ್ತದೆ. ಏನೇ ಇರಲಿ, ತಿರುಗುವ ಯಂತ್ರಕ್ಕೆ ಕವಚವಿರಬೇಕು; ನಿಂತಿದೆಯೇ ಎಂದು ಕಣ್ಣಿನಿಂದಲ್ಲ, ಸ್ವಿಚ್ಚಿನಿಂದ ತಿಳಿಯಬೇಕು.

ಮಿತ್ರರೇ, ಇನ್ನು ಮಾವನ ಶೆಡ್ಡಿಗೆ ಮರಳೋಣ. ಮೂರನೆಯ ಸ್ಟಾರ್ಟರೂ ಕೆಲಸ ಕೊಡದ ರಾತ್ರಿ ಮಾವ ಎಣ್ಣೆಯ ಡ್ರಮ್ಮಿನ ಮೇಲೆ ಹತ್ತಿ ನಿಂತು ಟ್ಯೂಬು ಬಿಚ್ಚಲು ಹೊರಟರು. “ಮೇನ್ ಸ್ವಿಚ್ ತೆಗೀಲಾ ಮಾವ?” ಎಂದು ಕೇಳಿದೆ. “ಸ್ವಿಚ್ ಆರ್ಸಿವ್ನಿ ಬುಡ್ಲಾ, ಏನಾದದು?” ಎಂದರು. ಮರುಗಳಿಗೆಯಲ್ಲಿ ಹೋಲ್ಡರ್ ಮುಟ್ಟಿದ ಅವರ ಕೈ ಸೆಟೆದು, ಡ್ರಮ್ಮು ಉರುಳಿ, ಅವರು ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಬಡಿದು ಕೆಳಗೆ ಬಿದ್ದರು. ಭುಜದ ಮೂಳೆ ಮುರಿಯಿತು. ಬಿದ್ದದ್ದೇ ಪುಣ್ಯ, ಬೀಳದೆ ಅಂಟಿಕೊಂಡಿದ್ದರೆ ಇಂದು ಈ ಕಥೆಯನ್ನು ನಾನು ಬೇರೆ ರೀತಿ ಹೇಳಬೇಕಾಗುತ್ತಿತ್ತು.

ಮಾರನೆಯ ದಿನ ತಿಳಿದವರೊಬ್ಬರು ಬಂದು ಟೆಸ್ಟರ್ ಇಟ್ಟು ತೋರಿಸಿದರು. ಸ್ವಿಚ್ಚು ಆರಿಸಿದ್ದರೂ ಹೋಲ್ಡರಿನಲ್ಲಿ ಟೆಸ್ಟರ್ ಉರಿಯಿತು. ವೈರಿಂಗ್ ಮಾಡಿದವರು ಸ್ವಿಚ್ಚನ್ನು ಫೇಸ್ ತಂತಿಗೆ ಹಾಕುವ ಬದಲು ನ್ಯೂಟ್ರಲ್ ತಂತಿಗೆ ಹಾಕಿದ್ದರು. ಯೋಚಿಸಿ ನೋಡಿ: ಯಾವ ತಂತಿಯನ್ನು ಕಡಿದರೂ ದೀಪ ಆರುತ್ತದೆ, ಕೂಡಿಸಿದರೂ ಹತ್ತುತ್ತದೆ. ಹೊರನೋಟಕ್ಕೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಆದರೆ ನ್ಯೂಟ್ರಲ್ಲನ್ನು ಕಡಿದಾಗ ಚೋಕು, ಹೋಲ್ಡರ್, ಟ್ಯೂಬಿನ ಪಿನ್ನು ಎಲ್ಲವೂ 230 ವೋಲ್ಟಿನಲ್ಲಿ ಕಾಯುತ್ತಾ ಕುಳಿತಿರುತ್ತವೆ. ನಾಚಿಕೆಯ ಸಂಗತಿಯೆಂದರೆ, ಅದೇ ವರ್ಷ ಭೌತಶಾಸ್ತ್ರದ ಪರೀಕ್ಷೆಯಲ್ಲಿ ಟ್ಯೂಬ್‌ಲೈಟಿನ ಮಂಡಲದ ಚಿತ್ರವನ್ನು ನಾನು ಸರಿಯಾಗಿ ಬರೆದು ಅಂಕ ಪಡೆದಿದ್ದೆ. ಹಾಳೆಯ ಮೇಲಿನ ಸ್ವಿಚ್ಚು ಫೇಸಿನಲ್ಲಿತ್ತು. ಗೋಡೆಯ ಮೇಲಿನ ಸ್ವಿಚ್ಚು ಎಲ್ಲಿದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಆದ್ದರಿಂದ ಶೆಡ್ಡಿನ ವೈರಿಂಗಿನಲ್ಲಿ ನೀವು ಕೇಳಿ ತಿಳಿಯಬೇಕಾದ ಸಂಗತಿಗಳು ಇವು. ಒಂದು, ಸ್ವಿಚ್ಚು ಫೇಸ್ ತಂತಿಯಲ್ಲೇ ಇರಬೇಕು. ಎರಡು, ತಗಡಿನ ಪಟ್ಟಿಗೆ ಹಸಿರು ತಂತಿಯ ಅರ್ಥಿಂಗ್ ಇರಬೇಕು. ಚೋಕಿನ ಸುರುಳಿಯ ಹೊದಿಕೆ ಸುಟ್ಟು ತಗಡಿಗೆ ವಿದ್ಯುತ್ತು ಬಂದರೆ ಅದು ಮೈಯ ಮೂಲಕ ಅಲ್ಲ, ಆ ತಂತಿಯ ಮೂಲಕ ಭೂಮಿಗೆ ಇಳಿಯುತ್ತದೆ. ಮೂರು, ದೀಪಗಳ ವೈರಿಂಗಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಬೇಕು. ಗೋಡೆ ಒದ್ದೆಯಾಗುವ, ಇಲಿ ಓಡಾಡುವ ಶೆಡ್ಡಿನಲ್ಲಿ ಅದು ಪೈಪಿನೊಳಗೆ ಹೋಗಬೇಕು. ಒಂದು ದೀಪದ ಸಾಲಿಗೆ ಹತ್ತಕ್ಕಿಂತ ಹೆಚ್ಚು ಪಾಯಿಂಟು ಅಥವಾ 800 ವ್ಯಾಟಿಗಿಂತ ಹೆಚ್ಚು ಹೊರೆ ಹಾಕಬಾರದು. ನಾಲ್ಕು, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ಹೋದ ವಿದ್ಯುತ್ತೂ ಮರಳಿದ ವಿದ್ಯುತ್ತೂ ಸಮವಿಲ್ಲದಿದ್ದರೆ, ಎಲ್ಲೋ ಸೋರುತ್ತಿದೆ ಎಂದು ಅರಿತು ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ಸಂಪರ್ಕ ಕಡಿಯುತ್ತದೆ. ನಾವು ನೆಚ್ಚಿಕೊಂಡ 6 ಆಂಪಿಯರಿನ ಫ್ಯೂಸಿಗೆ ಇದಕ್ಕಿಂತ 200 ಪಟ್ಟು ಪ್ರವಾಹ ಬೇಕು. ಅದು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ.

ಈ ಕೆಲಸಗಳನ್ನು ನೀವೇ ಮಾಡಿ ಎಂದು ನಾನು ಹೇಳುತ್ತಿಲ್ಲ. ಪರವಾನಗಿ ಇರುವ ಎಲೆಕ್ಟ್ರೀಷಿಯನ್ ಮಾಡಲಿ. ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುವ ಕೆಲಸ ಮಾತ್ರ ನಿಮ್ಮದು.

ಕೊನೆಯದಾಗಿ, ಈಗ ಹೊಸದಾಗಿ ದೀಪ ಹಾಕಿಸುವವರು ಟ್ಯೂಬ್‌ಲೈಟನ್ನೇ ಕೊಳ್ಳಬೇಕೇ? ಬೇಡ. ಟ್ಯೂಬಿನೊಳಗಿನ ಪಾದರಸ ವಿಷ. ಜಪಾನಿನ ಮಿನಮಾಟಾ ಎಂಬಲ್ಲಿ ಪಾದರಸ ಬೆರೆತ ಮೀನು ತಿಂದ ಜನರ ನರಗಳು ಹಾಳಾದ ದುರಂತ 1956ರಲ್ಲಿ ಬೆಳಕಿಗೆ ಬಂತು. ಅದರ ಹೆಸರಿನಲ್ಲೇ 2013ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಸಾಮಾನ್ಯ ಬೆಳಕಿಗಾಗಿ ಬಳಸುವ ಟ್ಯೂಬುಗಳ ತಯಾರಿಕೆ ಮತ್ತು ಆಮದು ರಫ್ತನ್ನು 2027ರ ಕೊನೆಯ ಹೊತ್ತಿಗೆ ಹಂತಹಂತವಾಗಿ ನಿಲ್ಲಿಸಬೇಕೆಂದು ಒಪ್ಪಂದದ ರಾಷ್ಟ್ರಗಳು 2023ರಲ್ಲಿ ಜಿನೀವಾದಲ್ಲಿ ತೀರ್ಮಾನಿಸಿದವು. ಹಳೆಯ ಟ್ಯೂಬು ಒಡೆದರೆ ಬಾಗಿಲು ಕಿಟಕಿ ತೆರೆದು ಕಾಲು ಗಂಟೆ ಹೊರಗಿರಿ. ಆಮೇಲೆ ಚೂರುಗಳನ್ನು ರಟ್ಟಿನಿಂದ ಬಳಿದು, ಒದ್ದೆ ಕಾಗದದಿಂದ ಪುಡಿ ಒರೆಸಿ, ಮುಚ್ಚಳದ ಡಬ್ಬಿಗೆ ಹಾಕಿ. ಕೆಟ್ಟ ಟ್ಯೂಬು ಇ-ತ್ಯಾಜ್ಯ. ತಿಪ್ಪೆಗೋ ಕೆರೆಗೋ ಎಸೆಯುವ ವಸ್ತುವಲ್ಲ.

ಟ್ಯೂಬಿನ ಜಾಗಕ್ಕೆ ಬಂದಿರುವುದು ಎಲ್‌ಇಡಿ. 20 ವ್ಯಾಟಿನ ನಾಲ್ಕು ಅಡಿಯ ಎಲ್‌ಇಡಿ ಪಟ್ಟಿ ಸುಮಾರು 2,000 ಲ್ಯೂಮೆನ್ ಕೊಡುತ್ತದೆ. ತಾಮ್ರದ ಚೋಕು ಸೇರಿ 48 ವ್ಯಾಟ್ ತಿನ್ನುವ ಟ್ಯೂಬು ದಿನಕ್ಕೆ ನಾಲ್ಕು ಗಂಟೆ ಉರಿದರೆ ತಿಂಗಳಿಗೆ ಸುಮಾರು 5.8 ಯೂನಿಟ್, ಎಲ್‌ಇಡಿಗೆ 2.4 ಯೂನಿಟ್. ಅದಕ್ಕೆ ಸ್ಟಾರ್ಟರ್ ಬೇಡ, ಮಿಣುಕೂ ಇಲ್ಲ. ಒಂದು ಸ್ವಾರಸ್ಯ ಗಮನಿಸಿ: ಬಿಳಿಯ ಎಲ್‌ಇಡಿ ಒಳಗೆ ಹುಟ್ಟುವುದು ನೀಲಿ ಬೆಳಕು. ಅದರಲ್ಲಿ ಸ್ವಲ್ಪವನ್ನು ಒಂದು ಹಳದಿ ಪುಡಿ ನುಂಗಿ ಹಳದಿ ಬೆಳಕಾಗಿ ಬಿಡುತ್ತದೆ. ಎರಡೂ ಬೆರೆತಾಗ ಬಿಳುಪು. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ ಮತ್ತು ನಕಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಪಾದರಸ ಹೋಯಿತು, ಪುಡಿಯ ವಿದ್ಯೆ ಉಳಿಯಿತು!

ಆದರೆ ಎಲ್‌ಇಡಿ ಹಾಕಿದ ಮಾತ್ರಕ್ಕೆ ಹಳೆಯ ತಪ್ಪುಗಳು ಹೋಗುವುದಿಲ್ಲ. ಹಳೆಯ ಪಟ್ಟಿಗೆ ಎಲ್‌ಇಡಿ ಟ್ಯೂಬು ಸಿಕ್ಕಿಸುವವರು ಡಬ್ಬಿಯ ಮೇಲಿನ ಸೂಚನೆ ಓದಲೇಬೇಕು. ಕೆಲವಕ್ಕೆ ಚೋಕನ್ನು ತೆಗೆದು ನೇರ ಸಂಪರ್ಕ ಕೊಡಬೇಕಾಗುತ್ತದೆ. ಅಂತಹದರಲ್ಲಿ ಒಂದು ತುದಿ ಹೋಲ್ಡರಿಗೆ ಸೇರಿದಾಗ ಇನ್ನೊಂದು ತುದಿಯ ಪಿನ್ನಿನಲ್ಲಿ ವಿದ್ಯುತ್ತು ಇರಬಹುದು. ಮೇನ್ ಸ್ವಿಚ್ ತೆಗೆಯದೆ ಮುಟ್ಟಲೇಬಾರದು. ಹಳೆಯ ಪಟ್ಟಿಯನ್ನು ತೆಗೆಸಿ ಹೊಸ ಪಟ್ಟಿಯನ್ನೇ ಹಾಕಿಸುವುದು ಕ್ಷೇಮ. ಅಗ್ಗದ ಕೆಲವು ಎಲ್‌ಇಡಿಗಳು ಟ್ಯೂಬಿನಂತೆಯೇ ಸೆಕೆಂಡಿಗೆ 100 ಸಲ ಮಿಣುಕುತ್ತವೆ ಎಂಬುದೂ ನೆನಪಿರಲಿ.

ಈ ವಾರ ನೀವು ಮಾಡಬಹುದಾದ, ಯಾವ ತಂತಿಯನ್ನೂ ಮುಟ್ಟಬೇಕಿಲ್ಲದ ಮೂರು ಪ್ರಯೋಗಗಳಿವೆ. ಒಂದೇ ದೀಪವಿರುವ ಕೋಣೆಯಲ್ಲಿ ಒಂದು ಬಿಳಿಯ ಪೆನ್ನನ್ನು ಕಪ್ಪು ಹಿನ್ನೆಲೆಯ ಮುಂದೆ ಜೋರಾಗಿ ಬೀಸಿ. ಒಂದೇ ಮಸುಕಾದ ಬೀಸಣಿಗೆಯಂತೆ ಕಂಡರೆ ಬೆಳಕು ಸ್ಥಿರವಾಗಿದೆ. ಬಿಡಿಬಿಡಿ ಪೆನ್ನುಗಳು ಕಂಡರೆ ದೀಪ ಮಿಣುಕುತ್ತಿದೆ. ಎರಡನೆಯದು, ಶೆಡ್ಡಿನ ಉದ್ದಗಲ ಅಳೆದು ಲಕ್ಸ್ ಲೆಕ್ಕ ಹಾಕಿ. ಮೂರನೆಯದು, ರಾತ್ರಿ ಎಲ್‌ಇಡಿ ಆರಿಸಿ ಕತ್ತಲಲ್ಲಿ ನೋಡಿ. ಆರಿಸಿದ ಮೇಲೂ ಅದು ಮಂದವಾಗಿ ಬೆಳಗುತ್ತಿದ್ದರೆ ಸ್ವಿಚ್ಚು ನ್ಯೂಟ್ರಲ್ಲಿನಲ್ಲಿ ಇರಬಹುದು. ಬೇರೆ ಕಾರಣಗಳೂ ಉಂಟು, ಆದರೆ ಎಲೆಕ್ಟ್ರೀಷಿಯನ್ನರನ್ನು ಕರೆಸಿ ಕೇಳಲು ಅಷ್ಟು ಸಾಕು.

ಮಾವನ ಭುಜ ಕೂಡಿಕೊಂಡಿತು. ಮಳೆಗಾಲದಲ್ಲಿ ಇಂದಿಗೂ ನೋಯುತ್ತದೆ ಎನ್ನುತ್ತಾರೆ. ಶೆಡ್ಡಿನಲ್ಲಿ ಈಗ ಎರಡು ಎಲ್‌ಇಡಿ ಪಟ್ಟಿಗಳಿವೆ, ಟ್ರ್ಯಾಕ್ಟರಿನ ಎಡಕ್ಕೊಂದು, ಬಲಕ್ಕೊಂದು. ಅವುಗಳನ್ನು ಹಾಕಿದ ದಿನ ಎಲೆಕ್ಟ್ರೀಷಿಯನ್ ಹುಡುಗ ಸ್ವಿಚ್ಚು ಒತ್ತಿ, “ಹತ್ತಿತಲ್ಲ ಯಜಮಾನ್ರೇ, ಸರಿ ಅದೆ” ಎಂದು ಏಣಿ ಇಳಿಯಹೊರಟ. ಮಾವ ಅವನನ್ನು ತಡೆದು ಹೇಳಿದರಂತೆ: “ಹತ್ತಿದ್ದು ನೋಡ್ದೆ. ಈಗ ಆರ್ಸಿ, ಟೆಸ್ಟರ್ ಇಟ್ಟು ತೋರ್ಸಪ್ಪ.”

ನೀವೂ ಹಾಗೆಯೇ ಕೇಳಿ.